ಪ್ರೆಶರ್, ಎಳೆತ, ಬಾಗು ಒಟ್ಟಿಗೆ ಕೊಟ್ಟಾಗ ಪೈಪು ಲೆಕ್ಕಕ್ಕಿಂತ ಮೊದಲೇ ಸೋತರೆ: ತಪ್ಪು ಹುಡುಕುವ ಬಗೆ

ಲೆಕ್ಕದ ಪ್ರಕಾರ ಪೈಪು ತಡೆಯಬೇಕಿತ್ತು. ರಿಗ್ಗಿನಲ್ಲಿ (ಪೈಪಿಗೆ ಲೋಡ್ ಕೊಟ್ಟು ನೋಡುವ ಟೆಸ್ಟ್ ಚೌಕಟ್ಟಿನಲ್ಲಿ) ಮೊದಲೇ ಯೀಲ್ಡ್ ಆಗಿಬಿಟ್ಟಿದೆ, ಅಂದರೆ ಲೋಡ್ ತೆಗೆದರೂ ಮೊದಲಿನ ಆಕಾರಕ್ಕೆ ಮರಳದ ಹಾಗೆ ಆಗಿದೆ. ಆಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ಒಂದೇ, "ಮೆಟೀರಿಯಲ್ ಸರಿ ಇಲ್ಲ". ನಾನೂ ಬೇಕಾದಷ್ಟು ಸಲ ಹೀಗೆ ಹೇಳಿದ್ದೇನೆ. ಆದರೆ ಕೊನೆಗೆ ನಿಜವಾಗಿಯೂ ಪೈಪಿನದ್ದೇ ತಪ್ಪು ಅಂತ ಆಗಿದ್ದು ಬಹಳ ಕಡಿಮೆ. ಉಳಿದ ಸಲವೆಲ್ಲ ಪೈಪಿನ ಮೇಲೆ ನಾವು ಅಂದುಕೊಂಡ ಲೋಡ್ ಇರಲೇ ಇಲ್ಲ, ಬೇರೆ ಯಾವುದೋ ಇತ್ತು.

ಹಾಗಾಗಿ ಪೈಪನ್ನು ಕೊಯ್ಯುವ ಮೊದಲು ರಿಗ್ಗನ್ನು ವಿಚಾರಿಸಿ. ಕೊಯ್ದ ಪೈಪನ್ನು ಮತ್ತೆ ಜೋಡಿಸಲಾಗದು, ಅಲ್ವಾ?

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದೇ ಪೈಪು ಹಿಡಿದುಕೊಳ್ಳೋಣ. 4 ಇಂಚಿನ ಶೆಡ್ಯೂಲ್ 40 ಸೀಮ್‌ಲೆಸ್ ಪೈಪು, ಎ106 ಗ್ರೇಡ್ ಬಿ ಅನ್ನುವ ಕಾರ್ಬನ್ ಉಕ್ಕಿನದ್ದು. ಹೊರ ವ್ಯಾಸ 114.3 ಮಿಮೀ, ದಪ್ಪ 6.02 ಮಿಮೀ. ಗೋಡೆಯ ಅಡ್ಡಕೊಯ್ತ ಸುಮಾರು 2,048 ಚದರ ಮಿಮೀ. ಒಳಗಿನ ತೂತಿನ ವಿಸ್ತೀರ್ಣ 8,213 ಚದರ ಮಿಮೀ. ಈ ಎರಡನೇ ಸಂಖ್ಯೆ ಮೊದಲನೆಯದರ ನಾಲ್ಕು ಪಟ್ಟು ಅನ್ನೋದನ್ನು ನೆನಪಿನಲ್ಲಿಡಿ, ಅರ್ಧ ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ. ಟೆಸ್ಟ್ ತುಂಡಿನ ಉದ್ದ ಒಂದೂವರೆ ಮೀಟರ್. ಕೊಡಬೇಕಾದದ್ದು 25 ಮೆಗಾಪಾಸ್ಕಲ್ ಒಳ ಪ್ರೆಶರ್, ಅಂದರೆ 250 ಬಾರ್. ಜೊತೆಗೆ ಉದ್ದಕ್ಕೆ 250 ಕಿಲೋನ್ಯೂಟನ್ ಲೋಡ್, ಒಮ್ಮೆ ಎಳೆದು, ಒಮ್ಮೆ ಅದುಮಿ. ಆಮೇಲೆ ಸ್ವಲ್ಪ ಬಾಗು.

ಮೊದಲು ಲೋಡುಗಳನ್ನು ಬಿಡಿಸಿ

ಮೂರು ಲೋಡ್ ಒಟ್ಟಿಗೆ ಇದ್ದಾಗ ತಪ್ಪು ಸಿಗುವುದಿಲ್ಲ. ಒಂದೊಂದೇ ಕೊಟ್ಟು ನೋಡಿ, ಅದೂ ಅರ್ಧಕ್ಕಿಂತ ಕಡಿಮೆ. 10 ಮೆಗಾಪಾಸ್ಕಲ್ ಪ್ರೆಶರ್ ಮಾತ್ರ, 100 ಕಿಲೋನ್ಯೂಟನ್ ಎಳೆತ ಮಾತ್ರ, ಆಮೇಲೆ ಬಾಗು ಮಾತ್ರ. ಪ್ರತಿ ಸಲ ಸ್ಟ್ರೇನ್ ಗೇಜ್ (ಪೈಪಿನ ಮೈಗೆ ಅಂಟಿಸಿ ಹಿಗ್ಗು-ಕುಗ್ಗು ಅಳೆಯುವ ಪಟ್ಟಿ) ಏನು ಹೇಳುತ್ತದೆ, ಕೈಲೆಕ್ಕ ಏನು ಹೇಳುತ್ತದೆ ಅಂತ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಅರ್ಧ ದಿನದ ಕೆಲಸ. ನಮ್ಮಲ್ಲಿ ಈ ಅರ್ಧ ದಿನ ಉಳಿಸಲು ಹೋಗಿ ವಾರಗಟ್ಟಲೆ ಕಳೆದವರಿದ್ದಾರೆ, ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಗೇಜುಗಳು ಪೈಪಿನ ನಡುಭಾಗದಲ್ಲಿ ನಾಲ್ಕು ಕಡೆ ಇರಬೇಕು: 0, 90, 180, 270 ಡಿಗ್ರಿ. ಪ್ರತಿ ಜಾಗದಲ್ಲೂ ಎರಡು, ಒಂದು ಉದ್ದಕ್ಕೆ, ಒಂದು ಸುತ್ತಲಿಗೆ. ಒಂದೇ ಗೇಜ್ ಅಂಟಿಸಿ ಟೆಸ್ಟ್ ಮಾಡಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ಟೆಸ್ಟಿನಿಂದ ಏನೂ ಗೊತ್ತಾಗುವುದಿಲ್ಲ.

ಬರೀ ಪ್ರೆಶರ್: ಉದ್ದದ ಗೇಜ್ ಪ್ಲಸ್ಸೋ ಮೈನಸ್ಸೋ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ.

ಪೈಪಿನ ಎರಡೂ ತುದಿಗೆ ಮುಚ್ಚಳ ಬೆಸುಗೆ ಹಾಕಿದ್ದರೆ, ಒಳಗಿನ ಪ್ರೆಶರ್ ಆ ಮುಚ್ಚಳಗಳನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳನ್ನು ಹೊರುವುದು ಪೈಪಿನ ಗೋಡೆಯೇ. 25 ಮೆಗಾಪಾಸ್ಕಲ್‌ಗೆ ಇದು 205 ಕಿಲೋನ್ಯೂಟನ್, ಸುಮಾರು 21 ಟನ್. ಉದ್ದಕ್ಕೆ ಎಳೆಯುವ, ಅದುಮುವ ಜ್ಯಾಕ್ ಇನ್ನೂ ಕೈ ಹಾಕಿಲ್ಲ, ಆಗಲೇ ಪೈಪು 21 ಟನ್ ಎಳೆತದಲ್ಲಿದೆ. ಜ್ಯಾಕಿನ ಪಕ್ಕದ, ಅದರ ಬಲ ಅಳೆಯುವ ಲೋಡ್ ಸೆಲ್‌ಗೆ ಇದು ಕಾಣುವುದೇ ಇಲ್ಲ, ಅದು ಸೊನ್ನೆ ತೋರಿಸುತ್ತಾ ಕೂತಿರುತ್ತದೆ.

ಇನ್ನೊಂದು ಬಗೆಯ ರಿಗ್ ಇದೆ. ಪೈಪಿಗೆ ಮುಚ್ಚಳ ಇರುವುದಿಲ್ಲ. ಎರಡೂ ತುದಿಯಿಂದ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿದ ಪ್ಲಗ್ ಒಳಗೆ ಹೋಗುತ್ತದೆ, ಪ್ಲಗ್ಗಿನ ಹಿಂಬದಿ ಫ್ರೇಮಿಗೆ ತಾಗಿರುತ್ತದೆ. ಇಲ್ಲಿ ಆ 21 ಟನ್ ಫ್ರೇಮ್ ಹೊರುತ್ತದೆ, ಪೈಪಿಗೆ ಬರುವುದಿಲ್ಲ. ದೂರದಿಂದ ನೋಡಿದರೆ ಎರಡೂ ರಿಗ್ ಒಂದೇ ಥರ. ಪೈಪಿನ ಪಾಲಿಗೆ ಎರಡೂ ಬೇರೆ ಬೇರೆ ಲೋಕ.

ನಿಮ್ಮದು ಯಾವುದು ಅಂತ ಡ್ರಾಯಿಂಗ್ ನೋಡಿ ನಂಬಬೇಡಿ. ಗೇಜನ್ನೇ ಕೇಳಿ. 10 ಮೆಗಾಪಾಸ್ಕಲ್ ಪ್ರೆಶರ್ ಮಾತ್ರ ಕೊಡಿ, ಜ್ಯಾಕ್ ಪೂರ್ತಿ ಸಡಿಲ ಇರಲಿ. ಮುಚ್ಚಳದ ಪೈಪಾದರೆ ಉದ್ದದ ಗೇಜ್ ಸುಮಾರು +78 ಮೈಕ್ರೋಸ್ಟ್ರೇನ್ (ಒಂದು ಅಂದರೆ ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗು) ತೋರಿಸಬೇಕು, ಸುತ್ತಲಿನ ಗೇಜ್ ಸುಮಾರು 333. ಪ್ಲಗ್ ರಿಗ್ಗಾದರೆ ಉದ್ದದ ಗೇಜ್ ಸುಮಾರು −118, ಸುತ್ತಲಿನದು 391. ಉಬ್ಬುವ ಪೈಪು ಉದ್ದದಲ್ಲಿ ಕುಗ್ಗುತ್ತದೆ, ಅದಕ್ಕೇ ಮೈನಸ್. ಮುಚ್ಚಳದ ಎಳೆತ ಇದ್ದರೆ ಆ ಕುಗ್ಗು ಮುಚ್ಚಿಹೋಗಿ ಪ್ಲಸ್ ಬರುತ್ತದೆ. ಒಂದು ಚಿಹ್ನೆ ನೋಡಿದರೆ ಸಾಕು, ರಿಗ್ಗಿನ ಜಾತಕ ಸಿಕ್ಕಿಬಿಡುತ್ತದೆ.

ನಡುವಿನ ಸಂಖ್ಯೆ ಬಂದರೆ? ಸೊನ್ನೆಯ ಆಸುಪಾಸು ಇದ್ದರೆ ತುದಿಗಳು ಎಲ್ಲೋ ಹಿಡಿದುಕೊಂಡಿವೆ. ಬಹಳ ಸಲ ಜ್ಯಾಕ್ ಫೋರ್ಸ್ ಕಂಟ್ರೋಲಿನಲ್ಲಿ ಇರುವುದಿಲ್ಲ, ಪೊಸಿಷನ್ ಕಂಟ್ರೋಲಿನಲ್ಲಿ ಲಾಕ್ ಆಗಿರುತ್ತದೆ. ಪೈಪು ಉದ್ದವಾಗಲು ನೋಡುತ್ತದೆ, ಜ್ಯಾಕ್ ಬಿಡುವುದಿಲ್ಲ. ಮುಚ್ಚಳದ ಪೈಪಾದರೆ ಆಗ ಲೋಡ್ ಸೆಲ್ ತಾನಾಗಿಯೇ ಅದುಮು ತೋರಿಸುತ್ತದೆ. ಫ್ರೇಮ್ ಗಟ್ಟಿಯಾಗಿದ್ದರೆ 10 ಮೆಗಾಪಾಸ್ಕಲ್‌ಗೆ 33 ಕಿಲೋನ್ಯೂಟನ್‌ವರೆಗೂ ಹೋಗಬಹುದು. "ನಾವು ಒತ್ತೇ ಇಲ್ಲ, ಲೋಡ್ ಎಲ್ಲಿಂದ ಬಂತು?" ಅಂತ ಆಪರೇಟರ್ ಕೇಳಿದರೆ ಉತ್ತರ ಇದೇ. ಪ್ಲಗ್ ರಿಗ್ಗಿನಲ್ಲಿ ಓ-ರಿಂಗ್ ಬಿಗಿಯಾಗಿ ಉಜ್ಜುತ್ತಿದ್ದರೂ ನಡುವಿನ ಸಂಖ್ಯೆ ಬರುತ್ತದೆ. ಪ್ರೆಶರ್ ಏರಿಸುವಾಗ ಒಂದು, ಇಳಿಸುವಾಗ ಇನ್ನೊಂದು ಬಂದರೆ ಉಜ್ಜಾಟ ಅಂತಲೇ ತಿಳಿಯಿರಿ.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ಮಾತು ಅಂದರೆ, ಅಂತಿಮ ಲೋಡಿನಲ್ಲಿ ವ್ಯತ್ಯಾಸ ಸಣ್ಣದಲ್ಲ. ಪೈಪಿನ ಒಳಮೈಯಲ್ಲಿ ವಾನ್ ಮೀಸಸ್ ಸ್ಟ್ರೆಸ್ (ಎಲ್ಲ ದಿಕ್ಕಿನ ಸ್ಟ್ರೆಸ್ ಸೇರಿಸಿ, ಯೀಲ್ಡಿಗೆ ಹೋಲಿಸಲು ತೆಗೆಯುವ ಒಂದೇ ಸಂಖ್ಯೆ) ಲೆಕ್ಕ ಹಾಕಿ ನೋಡಿ. ಮುಚ್ಚಳದ ಪೈಪಿಗೆ 25 ಮೆಗಾಪಾಸ್ಕಲ್ ಪ್ರೆಶರ್, 250 ಕಿಲೋನ್ಯೂಟನ್ ಎಳೆತ ಕೊಟ್ಟರೆ 249 ಮೆಗಾಪಾಸ್ಕಲ್. ಎಳೆಯುವ ಬದಲು ಅಷ್ಟೇ ಅದುಮಿದರೂ 249! ತಪ್ಪು ಬರೆದಿಲ್ಲ. ಮುಚ್ಚಳದಿಂದ ಬರುವ ಉದ್ದದ ಸ್ಟ್ರೆಸ್ 100, ಅದು ಸುತ್ತಲಿನ ದಿಕ್ಕಿನ ಹೂಪ್ ಸ್ಟ್ರೆಸ್ (225) ಮತ್ತು ಗೋಡೆಯ ಅಡ್ಡದ ಸ್ಟ್ರೆಸ್ (−25) ಇವುಗಳ ಸರಿ ನಡುವೆ ಕೂತಿರುತ್ತದೆ. ಆ ನಡುವಿನಿಂದ ಆ ಕಡೆ ಎಳೆದರೂ ಈ ಕಡೆ ತಳ್ಳಿದರೂ ದೂರ ಒಂದೇ. ಪ್ಲಗ್ ರಿಗ್ಗಿನಲ್ಲಿ ಈ ಸಮತೋಲ ಇಲ್ಲ. ಎಳೆದರೆ ಬರೀ 218, ಅದುಮಿದರೆ 311.

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನಾನು ಸಿಕ್ಕಿಬಿದ್ದದ್ದು ಸರಿಯಾಗಿ ಇಲ್ಲೇ. ಪೈಪಿನ ಕೂಪನ್ ಟೆಸ್ಟಿನಲ್ಲಿ (ಪೈಪಿನಿಂದ ಕೊಯ್ದ ಪಟ್ಟಿಯನ್ನು ಎಳೆದು ನೋಡುವುದು) ಯೀಲ್ಡ್ 290 ಬಂದಿತ್ತು. ಲೆಕ್ಕದ ಹಾಳೆ ಮುಚ್ಚಳದ ಪೈಪಿನದ್ದು, 249 ಅಂತ ಹೇಳುತ್ತಿತ್ತು. ಎಳೆಯುವ ಟೆಸ್ಟ್ ಆರಾಮಾಗಿ ಪಾಸಾಯಿತು, ಎಲ್ಲರೂ ಚಹಾ ಕುಡಿದೆವು. ಅದುಮುವ ಟೆಸ್ಟಿನಲ್ಲಿ ಲೋಡು ನೂರಕ್ಕೆ 93ರ ಹತ್ತಿರ ಬಂದಾಗ ಗೇಜಿನ ಗ್ರಾಫಿನಲ್ಲಿ ನೇರ ಗೆರೆ ಬಾಗತೊಡಗಿತು. ಪೈಪು ಸರಿ ಇಲ್ಲ ಅಂತ ಸಪ್ಲೈಯರ್‌ಗೆ ಫೋನ್ ಹೋಯಿತು. ಆ ಕಡೆಯವರು ತಾಳ್ಮೆಯಿಂದ ಕೇಳಿದ್ದು ಒಂದೇ ಪ್ರಶ್ನೆ: "ಸರ್, ಮುಚ್ಚಳ ವೆಲ್ಡ್ ಮಾಡಿದೀರಾ, ಪ್ಲಗ್ಗಾ?" ಹಳೆ ರಿಗ್ ಕೆಟ್ಟಿದ್ದರಿಂದ ಆ ತಿಂಗಳು ಪ್ಲಗ್ ರಿಗ್ಗಿಗೆ ಬಂದಿದ್ದೆವು. ಹಾಳೆ ಮಾತ್ರ ಹಳೆಯದೇ. 311ರ 93 ಪಾಲು ಎಷ್ಟು ಅಂತ ಗುಣಿಸಿ ನೋಡಿದರೆ 289. ಪೈಪು ತನ್ನ ಮಾತು ಚೆನ್ನಾಗಿಯೇ ಉಳಿಸಿಕೊಂಡಿತ್ತು.

ಹಾಗಾಗಿ ಇದನ್ನು ಲಕ್ಷಣವಾಗಿ ಬರೆದಿಟ್ಟುಕೊಳ್ಳಿ. ಎಳೆತದಲ್ಲಿ ಲೆಕ್ಕಕ್ಕಿಂತ ಗಟ್ಟಿ, ಅದುಮಿನಲ್ಲಿ ಲೆಕ್ಕಕ್ಕಿಂತ ಮೆತ್ತಗೆ ಅಂತ ಬಂದರೆ ಮೊದಲ ಅನುಮಾನ ತುದಿಗಳ ಮೇಲೆ. ಪೈಪೇ ಮೆತ್ತಗಿದ್ದರೆ ಎರಡೂ ಕಡೆ ಮೆತ್ತಗೆ ಬರಬೇಕಿತ್ತು.

ಅಂದ ಹಾಗೆ, ಈ ಥರದ ಟೆಸ್ಟು ಹೊಸದೇನಲ್ಲ. ಜರ್ಮನಿಯ ವಾಲ್ಟರ್ ಲೋಡೆ 1926ರಲ್ಲೇ ಕಬ್ಬಿಣ, ತಾಮ್ರ, ನಿಕಲ್ ಕೊಳವೆಗಳಿಗೆ ಒಳಗೆ ಪ್ರೆಶರ್ ಕೊಟ್ಟು ಉದ್ದಕ್ಕೆ ಎಳೆದ ಫಲಿತಾಂಶ ಪ್ರಕಟಿಸಿದ್ದ. ವಾನ್ ಮೀಸಸ್ 1913ರಲ್ಲಿ ಬರೆದ ಸೂತ್ರ ಲೋಹಕ್ಕೆ ಎಷ್ಟು ಹೊಂದುತ್ತದೆ ಅನ್ನೋದಕ್ಕೆ ಆ ಕೊಳವೆಗಳೂ ಸಾಕ್ಷಿ. ಲೋಡ್ ಕೊಟ್ಟವನ ಹೆಸರೇ ಲೋಡೆ, ನೋಡಿ.

ಬರೀ ಎಳೆತ: ನಾಲ್ಕು ಗೇಜ್ ಒಂದೇ ಮಾತು ಹೇಳುತ್ತವೆಯಾ

ಪ್ರೆಶರ್ ಪೂರ್ತಿ ತೆಗೆದು 100 ಕಿಲೋನ್ಯೂಟನ್ ಎಳೆಯಿರಿ. ಉದ್ದದ ನಾಲ್ಕೂ ಗೇಜ್ ಸುಮಾರು 238 ತೋರಿಸಬೇಕು. ನಿಜವಾದ ರಿಗ್ಗಿನಲ್ಲಿ ಹಾಗೆ ಬರುವುದು ಅಪರೂಪ. ನಮಗೆ ಒಮ್ಮೆ ಬಂದದ್ದು ಹೀಗೆ: 280, 240, 198, 238. ಸರಾಸರಿ 239, ಅಂದರೆ ಲೋಡ್ ಸೆಲ್ ಸುಳ್ಳು ಹೇಳುತ್ತಿಲ್ಲ. ಆದರೆ 0 ಡಿಗ್ರಿ ಬದಿ 41 ಜಾಸ್ತಿ, ಎದುರಿನ ಬದಿ 41 ಕಡಿಮೆ. ಇದು ಬಾಗು. ಲೆಕ್ಕ ಮಾಡಿದರೆ ಎಳೆತದ ಗೆರೆ ಪೈಪಿನ ನಡುವಿನಿಂದ ಸುಮಾರು 4.4 ಮಿಮೀ ಸರಿದಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸೊಟ್ಟ, ಆದರೆ ಒಂದು ಬದಿಯ ಸ್ಟ್ರೆಸ್ 17 ಶೇಕಡಾ ಏರಿಸಿದೆ.

ಸರಾಸರಿ ಮಾತ್ರ ನೋಡುವವರಿಗೆ ಇದು ಯಾವತ್ತೂ ಸಿಗುವುದಿಲ್ಲ.

ಈಗ ಪ್ರಶ್ನೆ: ಸೊಟ್ಟ ಪೈಪಿನದ್ದೋ ರಿಗ್ಗಿನದ್ದೋ? ಪೈಪನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕಟ್ಟಿ. ಜಾಸ್ತಿ ಸಂಖ್ಯೆ ಅದೇ ಗೇಜಿನಲ್ಲೇ ಉಳಿದರೆ ಪೈಪು ಬಾಗಿದೆ, ಅಥವಾ ಅದರ ಗೋಡೆ ಒಂದು ಬದಿ ತೆಳ್ಳಗಿದೆ, ಇಲ್ಲವೇ ಮುಚ್ಚಳ ಓರೆಯಾಗಿ ಬೆಸೆದಿದೆ. ಜಾಸ್ತಿ ಸಂಖ್ಯೆ ಎದುರಿನ ಗೇಜಿಗೆ ಹೋದರೆ ತಪ್ಪು ರಿಗ್ಗಿನದ್ದು. ಆಗ ಪಿನ್ ಜಾಯಿಂಟ್ ಗ್ರೀಸ್ ಇಲ್ಲದೆ ಹಿಡಿದಿದೆಯಾ, ಫ್ಲೇಂಜ್ ಬೋಲ್ಟ್ ಒಂದು ಬದಿ ಮೊದಲು ಬಿಗಿದಿದ್ದಾರಾ, ಶಿಮ್ (ಸಂದಿಗೆ ಇಡುವ ತೆಳು ತಗಡು) ಬಿಟ್ಟುಹೋಗಿದೆಯಾ ನೋಡಿ. ಅಡ್ಡಡ್ಡ ಮಲಗಿಸಿದ ರಿಗ್ಗಾದರೆ ನೀರು ತುಂಬಿದ ಪೈಪಿನ ಭಾರಕ್ಕೇ ಸ್ವಲ್ಪ ಬಾಗು ಬರುತ್ತದೆ. ಗೇಜುಗಳನ್ನು ಸೊನ್ನೆ ಮಾಡುವ ಮೊದಲು ನೀರು ತುಂಬಿಸಿದಿರೋ ನಂತರವೋ ಅಂತ ನೆನಪು ಮಾಡಿಕೊಳ್ಳಿ.

ಗೇಜೇ ಸುಳ್ಳು ಹೇಳುತ್ತಿದ್ದರೆ

ಲೋಡ್ ಇಲ್ಲದೆ ಅರ್ಧ ಗಂಟೆ ಸುಮ್ನೆ ಬಿಟ್ಟು ನೋಡಿ. ಸಂಖ್ಯೆ ಓಡುತ್ತಿದ್ದರೆ ಪೈಪಿಗೂ ಅದಕ್ಕೂ ಸಂಬಂಧ ಇಲ್ಲ.

120 ಓಮ್ ಗೇಜಿಗೆ ಎರಡೇ ವೈರ್ ಎಳೆದಿದ್ದರೆ, ಆ ವೈರಿನ ರೆಸಿಸ್ಟೆನ್ಸ್ 2 ಓಮ್ ಇದ್ದರೆ, ವೈರ್ ಒಂದು ಡಿಗ್ರಿ ಬಿಸಿಯಾದಾಗ ಸುಮಾರು 33 ಮೈಕ್ರೋಸ್ಟ್ರೇನ್ ಸುಳ್ಳು ಸೇರುತ್ತದೆ. ತಗಡಿನ ಶೆಡ್ಡಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಹತ್ತು ಡಿಗ್ರಿ ಏರುವುದು ಏನು ದೊಡ್ಡದು? 330 ಸುಳ್ಳು! ಮೂರು ವೈರಿನ ಕನೆಕ್ಷನ್ ಮಾಡಿದರೆ ಇದು ಹೋಗುತ್ತದೆ. ಇನ್ನೊಂದು ಶತ್ರು ತೇವ. ಹೈಡ್ರೋ ಟೆಸ್ಟ್ ಅಂದಮೇಲೆ ನೀರು ಚಿಮ್ಮುತ್ತದೆ, ಗೇಜಿನ ಮೇಲಿನ ಸಿಲಿಕೋನ್ ಎಲ್ಲೋ ಬಾಯಿ ಬಿಟ್ಟಿರುತ್ತದೆ. ಗೇಜಿಗೂ ಪೈಪಿಗೂ ನಡುವೆ ಇನ್ಸುಲೇಷನ್ ಅಳೆಯಿರಿ. ಆದರೆ 500 ವೋಲ್ಟಿನ ಮೆಗ್ಗರ್ ಹಚ್ಚಿ ಗೇಜ್ ಸುಡಬೇಡಿ, ಕಡಿಮೆ ವೋಲ್ಟೇಜಿನದ್ದೇ ಬಳಸಿ.

ಪ್ರೆಶರ್ ನಿಲ್ಲುತ್ತಿಲ್ಲ

ಮೊದಲು ಗಾಳಿ. ನಮ್ಮ ಪೈಪಿನಲ್ಲಿ 12 ಲೀಟರಿನಷ್ಟು ನೀರು ಹಿಡಿಯುತ್ತದೆ. ಪೂರ್ತಿ ತುಂಬಿದ ಮೇಲೆ 10 ಮೆಗಾಪಾಸ್ಕಲ್‌ಗೆ ಏರಿಸಲು ಇನ್ನು ಬೇಕಾದದ್ದು ಸುಮಾರು 65 ಮಿಲಿ, ಒಂದು ಸಣ್ಣ ಲೋಟದ ಅರ್ಧ. ಹ್ಯಾಂಡ್ ಪಂಪಿನ ಒಂದು ಹೊಡೆತಕ್ಕೆ ಎಷ್ಟು ಮಿಲಿ ಅಂತ ಗೊತ್ತಿದ್ದರೆ ಹೊಡೆತ ಎಣಿಸಿದರೆ ಸಾಕು. ಇದರ ಎರಡು ಪಟ್ಟು ಹೊಡೆದರೂ ಮುಳ್ಳು ಮೇಲೇಳದಿದ್ದರೆ ಒಳಗೆ ಗಾಳಿ ಕೂತಿದೆ. ಪೈಪನ್ನು ಓರೆ ಮಾಡಿ, ಮೇಲಿನ ತುದಿಯ ಬ್ಲೀಡ್ ಬಿಚ್ಚಿ, ಗುಳ್ಳೆ ಇಲ್ಲದ ನೀರು ಬರುವವರೆಗೂ ಬಿಡಿ. ಇದನ್ನು ಉದಾಸೀನ ಮಾಡಬೇಡಿ. ಅದುಮಿದ ಗಾಳಿ ಸ್ಪ್ರಿಂಗಿನ ಹಾಗೆ, ಪೈಪು ಒಡೆದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಗಾಳಿ ತುಂಬಿದ ಪೈಪಿನ ತುದಿಯ ಎದುರು ನಿಂತು ಯಾರೂ ಗೇಜ್ ಓದಬಾರದು. ನೀರು ತುಂಬಿದ್ದರೂ ಆ ಜಾಗ ಒಳ್ಳೆಯದಲ್ಲ.

ಆಮೇಲೆ ಬಿಸಿಲು. ವಾಲ್ವ್ ಮುಚ್ಚಿಟ್ಟ ಪೈಪಿನ ನೀರು ಒಂದು ಡಿಗ್ರಿ ತಣ್ಣಗಾದರೆ ಪ್ರೆಶರ್ ಸುಮಾರು 4 ಬಾರ್ ಇಳಿಯುತ್ತದೆ. ಟ್ಯಾಂಕರಿನ ಬಿಸಿ ನೀರು ತುಂಬಿ, ಫ್ಯಾನ್ ಗಾಳಿಗೆ ಬಿಟ್ಟು, "ಲೀಕ್ ಇದೆ" ಅಂತ ಇಡೀ ಸಂಜೆ ಸೋಪಿನ ನೊರೆ ಹಚ್ಚಿ ಹುಡುಕಿದ್ದೂ ಉಂಟು. ಪೈಪಿಗೆ ಒಂದು ಥರ್ಮೋಕಪಲ್ ಕಟ್ಟಿ. ಪ್ರೆಶರ್ ಮತ್ತು ಉಷ್ಣತೆ ಒಟ್ಟಿಗೆ ಇಳಿದು ಒಟ್ಟಿಗೆ ನಿಂತರೆ ಅದು ಲೀಕಲ್ಲ. ಉಷ್ಣತೆ ನಿಂತ ಮೇಲೂ ಪ್ರೆಶರ್ ಇಳಿಯುತ್ತಲೇ ಇದ್ದರೆ ಪಂಪಿನ ನಾನ್-ರಿಟರ್ನ್ ವಾಲ್ವ್ ಮೊದಲು ನೋಡಿ, ಪೈಪಿನ ಬೆಸುಗೆ ಆಮೇಲೆ.

ಬರೀ ಬಾಗು, ನಂತರ ಎಲ್ಲ ಸೇರಿಸಿ

ನಾಲ್ಕು ಕಡೆ ಆಧಾರ ಕೊಟ್ಟು ಬಗ್ಗಿಸುವ ರಿಗ್ಗಿನಲ್ಲಿ ಎರಡು ತಪ್ಪು ಪದೇಪದೇ ಬರುತ್ತವೆ. ಒಂದು, ಲೋಡ್ ತಾಗುವ ಜಾಗದಲ್ಲಿ ಪೈಪು ತಗ್ಗಾಗುವುದು. ಚೂಪು ರೋಲರ್ ಬದಲು ಪೈಪಿನ ಮೈಗೆ ಹೊಂದುವ ಅಗಲದ ಸ್ಯಾಡಲ್ ಹಾಕಿ, ನಡುವೆ ರಬ್ಬರ್ ಹಾಳೆ ಇಡಿ. ಇನ್ನೊಂದು, ರೋಲರ್ ತಿರುಗದೆ ಉಜ್ಜುವುದು. ಆಗ ಬಾಗಿನ ಜೊತೆ ಬೇಡದ ಎಳೆತವೂ ಬರುತ್ತದೆ. ಮೇಲಿನ ಗೇಜ್ −300, ಕೆಳಗಿನದು +340 ಅಂತ ಬಂದರೆ ನಡುವಿನ 20 ಎಲ್ಲಿಂದ ಬಂತು ಅಂತ ಹುಡುಕಿ. ಬರೀ ಬಾಗಿಗೆ ಎರಡೂ ಸಮ ಇರಬೇಕು.

ಅದುಮು ಮತ್ತು ಬಾಗು ಒಟ್ಟಿಗೆ ಬಂದಾಗ ಬಾಗು ತಾನಾಗಿಯೇ ಬೆಳೆಯುತ್ತದೆ. ನಡು ಎಷ್ಟು ಸರಿದಿದೆಯೋ ಅಷ್ಟು ದೂರದಲ್ಲಿ ಅದುಮು ಇನ್ನಷ್ಟು ಬಗ್ಗಿಸುತ್ತದೆ. ನಮ್ಮ ಒಂದೂವರೆ ಮೀಟರ್ ತುಂಡಿಗೆ, ತುದಿಗಳು ಪಿನ್ ಆಗಿದ್ದರೆ, 250 ಕಿಲೋನ್ಯೂಟನ್ ಅದುಮಿಗೆ ಬಾಗು ಸುಮಾರು 10 ಶೇಕಡಾ ಏರುತ್ತದೆ. ಪ್ಲಗ್ ರಿಗ್ಗಾದರೆ 20 ಶೇಕಡಾ. ಯಾಕೆ ದುಪ್ಪಟ್ಟು? ಪ್ಲಗ್ಗುಗಳ ನಡುವೆ ಸಿಕ್ಕಿಬಿದ್ದ ನೀರೂ ಅದುಮಿದ ಕಂಬದ ಹಾಗೆ ವರ್ತಿಸಿ ಪೈಪನ್ನು ಪಕ್ಕಕ್ಕೆ ತಳ್ಳುತ್ತದೆ. ಗೋಡೆಯಲ್ಲಿ ಅದುಮು ಇಲ್ಲದಿದ್ದರೂ ಒಳ ಪ್ರೆಶರಿಗೇ ಪೈಪು ಸೊಟ್ಟಗಾಗಬಲ್ಲದು. ತೈಲ ಬಾವಿಗಳಲ್ಲಿ ಇಳಿಬಿಟ್ಟ ಟ್ಯೂಬಿಂಗ್ ಹೀಗೆ ಸುರುಳಿ ಸುತ್ತುವುದನ್ನು ಎಂಜಿನಿಯರ್ ಲುಬಿನ್ಸ್ಕಿ ಮತ್ತು ಜೊತೆಗಾರರು 1962ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನಡುವಿನಲ್ಲಿ ಒಂದು ಡಯಲ್ ಗೇಜ್ ನಿಲ್ಲಿಸಿ ಸರಿತ ಅಳೆಯಿರಿ. ಅಳೆಯದೆ ಈ ತಪ್ಪು ಹಿಡಿಯಲಾಗದು.

ಈಗ ಪೈಪಿನ ಸರದಿ

ಇಷ್ಟೆಲ್ಲ ಸರಿ ಇದ್ದೂ ಪೈಪು ಮೊದಲೇ ಸೋತರೆ, ಆಗ ಪೈಪನ್ನು ಕೇಳಿ. ಮೊದಲು ದಪ್ಪ. 6.02 ಅನ್ನೋದು ಹೆಸರಿನ ದಪ್ಪ. ಸ್ಟ್ಯಾಂಡರ್ಡ್ ಪ್ರಕಾರ 12.5 ಶೇಕಡಾ ಕಡಿಮೆ ಇರಬಹುದು, ಅಂದರೆ 5.27 ಮಿಮೀ ಇದ್ದರೂ ಪೈಪು ಪಾಸು. ಅಷ್ಟಕ್ಕೇ ಹೂಪ್ ಸ್ಟ್ರೆಸ್ 16 ಶೇಕಡಾ ಏರುತ್ತದೆ. ಸೀಮ್‌ಲೆಸ್ ಪೈಪಿನ ತೂತು ನಡುವಿನಲ್ಲೇ ಇರುತ್ತದೆ ಅಂತಿಲ್ಲ, ಒಂದು ಬದಿ ದಪ್ಪ, ಎದುರು ಬದಿ ತೆಳು ಇರುವುದು ಮಾಮೂಲು. ಅಲ್ಟ್ರಾಸಾನಿಕ್ ಗೇಜಿನಿಂದ ಸುತ್ತಲೂ ಎಂಟು ಕಡೆ, ಉದ್ದಕ್ಕೆ ಐದಾರು ಕಡೆ ಅಳೆಯಿರಿ. ಬಣ್ಣ ಇದ್ದರೆ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬಣ್ಣವೂ ಉಕ್ಕಿನ ಲೆಕ್ಕಕ್ಕೆ ಸೇರುತ್ತದೆ.

ಯೀಲ್ಡ್ ವಿಷಯ. ಗ್ರೇಡ್ ಬಿಗೆ 240 ಮೆಗಾಪಾಸ್ಕಲ್ ಅನ್ನೋದು ಕನಿಷ್ಠ. ನಿಜವಾದ ಪೈಪು ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತದೆ. ಟೆಸ್ಟ್ ಮಾಡಿದ ಅದೇ ಉದ್ದದ ಪೈಪಿನಿಂದ, ಲೋಡ್ ಕೊಡುವ ಮೊದಲೇ ಕೊಯ್ದಿಟ್ಟ ತುಂಡಿನ ಕೂಪನ್ ಬೇಕು. ಕೂಪನ್ನನ್ನು ಬಡಿದು ಚಪ್ಪಟೆ ಮಾಡಬೇಡಿ. ಬಡಿದರೆ ಯೀಲ್ಡ್ ಬದಲಾಗುತ್ತದೆ. ಉದ್ದದ ಪಟ್ಟಿಯನ್ನು ಅದರ ಬಾಗಿನ ಸಮೇತ ಹಿಡಿಯುವ ಗ್ರಿಪ್ ಇದೆ, ಅದನ್ನೇ ಬಳಸಿ. ಮತ್ತೆ, ಕೂಪನ್ನಿನ ಯೀಲ್ಡ್ (ಲೋಡ್ ತೆಗೆದರೂ ಅಷ್ಟು ಹಿಗ್ಗು ಉಳಿಯುವ ಹಂತ) 0.2 ಶೇಕಡಾ ಆಫ್‌ಸೆಟ್‌ನಲ್ಲಿ ತೆಗೆದದ್ದು, ರಿಗ್ಗಿನಲ್ಲಿ ನೀವು "ಯೀಲ್ಡ್" ಅಂದದ್ದು ಗೆರೆ ಮೊದಲು ಬಾಗಿದ ಕ್ಷಣ. ಎರಡೂ ಒಂದೇ ಅಲ್ಲ. ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ ಅಂತ ರಿಪೋರ್ಟಿನಲ್ಲಿ ಬರೆಯಿರಿ.

ಸೋತ ಜಾಗ ಎಲ್ಲಿದೆ ಅಂತಲೂ ನೋಡಿ. ಮುಚ್ಚಳದ ಬೆಸುಗೆಯಿಂದ 45 ಮಿಮೀ ಒಳಗಿದ್ದರೆ ಅದು ಪೈಪಿನ ಫಲಿತಾಂಶವೇ ಅಲ್ಲ. ಆ ಪಟ್ಟಿಯಲ್ಲಿ ಮುಚ್ಚಳ ಪೈಪನ್ನು ಉಬ್ಬಲು ಬಿಡದೆ ಹಿಡಿದು ಗೋಡೆಯನ್ನು ಬಗ್ಗಿಸುತ್ತದೆ, ಬೆಸುಗೆಯ ಬಿಸಿಯೂ ತಾಗಿರುತ್ತದೆ. ಗೇಜುಗಳನ್ನೂ ತುದಿಯಿಂದ ಕನಿಷ್ಠ ಎರಡು ವ್ಯಾಸ ದೂರ ಇಡಿ.

ಕೊನೆಯದಾಗಿ, ಲೋಡ್ ಇಳಿಸಿದ ಮೇಲೆ ಎಂಟೂ ಗೇಜಿನ ಸಂಖ್ಯೆ ಬರೆದುಕೊಳ್ಳಿ. ಸೊನ್ನೆಗೆ ಬರದಿದ್ದರೆ, ಗೇಜಿನ ತಪ್ಪಲ್ಲ ಅಂತ ಖಾತ್ರಿ ಆದರೆ, ಆ ಪೈಪು ಒಮ್ಮೆ ಯೀಲ್ಡ್ ಆಗಿದೆ. ಅದನ್ನು ಮತ್ತೆ ಟೆಸ್ಟಿಗೆ ಹಾಕಿದರೆ ಒಂದು ದಿಕ್ಕಿಗೆ ಗಟ್ಟಿ, ಇನ್ನೊಂದು ದಿಕ್ಕಿಗೆ ಮೆತ್ತಗೆ ಬರುತ್ತದೆ. ತುದಿಗೆ ಕೆಂಪು ಬಣ್ಣ ಬಳಿದು ಬೇರೆ ರ‍್ಯಾಕಿಗೆ ಹಾಕಿ. ಬಣ್ಣ ಬಳಿಯದಿದ್ದರೆ ಮುಂದಿನ ವಾರ ಯಾರೋ ಅದನ್ನೇ ಎತ್ತಿಕೊಂಡು ಬಂದು ಮತ್ತೆ ರಿಗ್ಗಿಗೆ ಕಟ್ಟುತ್ತಾರೆ.